ಕಬ್ಬಿಗೆ ಬಾಯಿ ಹಾಕುವ ಮೊದಲು

ತೇನ್‌ಮೊಳಿ ಬಾಗಿಲ ಮುಂದೆ ಗುಡಿಸಿ, ನೀರು ಚಿಮುಕಿಸಿ, ಕೋಲಕ್ಕೆ, ಅಂದರೆ ರಂಗೋಲಿಗೆ, ಚುಕ್ಕಿ ಇಟ್ಟು ಮುಗಿಸಿದ್ದಳು. ಗೆರೆ ಎಳೆಯಲೆಂದು ಹಿಟ್ಟನ್ನು ಬೆರಳ ಸಂದಿಯಲ್ಲಿ ಹಿಡಿದು ಬಗ್ಗುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಮೊಪೆಡ್ಡಿನ ಸದ್ದಾಯಿತು. ಚಿನ್ನತಂಬಿಯ ಗಾಡಿ. ಅವನು ದೇವರ ಆವುಗಳನ್ನು, ದೇವರಿಗೆ ಬಿಟ್ಟ ದನಗಳನ್ನು, ಕಾಯುವವನು. ಈ ಹೊತ್ತಿಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿರಬೇಕಾದವನು. ಚುಕ್ಕಿಗಳನ್ನು ತುಳಿಯಬಾರದೆಂದು ಗಾಡಿಯನ್ನು ಆಚೆಯೇ ನಿಲ್ಲಿಸಿದ. ಎಂಜಿನ್ ಮಾತ್ರ ಆರಿಸಲಿಲ್ಲ.

"ಅತ್ತಿಗೆ, ದೊಡ್ಡವ್ವ ಎದ್ದವ್ರಾ?"

"ಎದ್ದವ್ರೆ. ಏನು ವಿಸಯ, ಇಷ್ಟೊತ್ತಿಗೇ?"

"ಪಟ್ಟದ ಆವು ಓಯ್ತು. ಬೆಳಕರಿಯೋ ಮುಂಚೆ. ಮೇವು ಆಕೋಕೆ ಓದ್ರೆ ಅಂಗೇ ಮಲಗಿತ್ತು."

ಅತ್ತೆ ತಂಗಮ್ಮಾಳ್ ಆ ಮಾತು ಒಳಗಿಂದಲೇ ಕೇಳಿಸಿಕೊಂಡು ಬಂದಳು. ಬಂದವಳು ಸೆರಗನ್ನು ಬಾಯಿಗೆ ಹಿಡಿದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಏ ತೇನು, ಇವತ್ತು ಕೋಲ ಬ್ಯಾಡ. ನಮ್ಮನೆ ಸಾವೇ ಇದು," ಎಂದಳು.

ಚುಕ್ಕಿಗಳು ಗೆರೆಯಿಲ್ಲದೆ ಹಾಗೇ ಉಳಿದವು.

ಕಂಬಂ ಕಣಿವೆಯ ಈ ಕನ್ನಡದವರು ಎಷ್ಟೋ ತಲೆಮಾರಿನ ಹಿಂದೆ ದನಗಳ ಬಾಲ ಹಿಡಿದು ಇಲ್ಲಿಗೆ ಬಂದವರಂತೆ. ಬೀದಿಯಲ್ಲಿ ತಮಿಳು, ಒಲೆಯ ಮುಂದೆ ಕನ್ನಡ. ಆಗ ಬಂದ ದನಗಳ ಸಂತತಿ ಎಂದು ಒಂದು ಹಿಂಡನ್ನು ಊರು ಈಗಲೂ ಸಾಕುತ್ತದೆ. ಆ ಹಿಂಡಿನ ಹಾಲು ಕರೆಯುವುದಿಲ್ಲ, ಹೆಗಲಿಗೆ ನೊಗ ಇಡುವುದಿಲ್ಲ. ಹಸುವಾಗಲಿ ಎತ್ತಾಗಲಿ ಎಲ್ಲವನ್ನೂ ಅವರು ಕರೆಯುವುದು ದೇವರ ಆವು ಎಂದೇ. ಅವುಗಳಲ್ಲಿ ಒಂದು ಎತ್ತು ಪಟ್ಟದ ಆವು. ಪೊಂಗಲ್ ಮಾರನೆಯ ದಿನ ಆ ಒಂದೇ ಒಂದು ಹೊರಗೆ ಬಂದು ಮನೆಮನೆಯ ಬಾಗಿಲಲ್ಲಿ ನಿಂತು ಬೆಲ್ಲದನ್ನ ತಿಂದು ಹೋಗುತ್ತದೆ. ಮಿಕ್ಕವು ಊರೊಳಗೆ ಕಾಲಿಡುವುದಿಲ್ಲ.

ಹೊಸ್ತಿಲ ಮೇಲೆ ಹಲ್ಲುಜ್ಜುತ್ತಾ ನಿಂತಿದ್ದ ಎಳಿಲ್ ಇದೆಲ್ಲ ನೋಡಿದಳು. ತೇನ್‌ಮೊಳಿಯ ಒಬ್ಬಳೇ ಮಗಳು, ಆರನೇ ತರಗತಿ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಚಿನ್ನತಂಬಿಯ ಪ್ರಾಣ ತಿಂದುಬಿಡುತ್ತಿದ್ದಳು. ಯಾಕೆ ಸತ್ತಿತು, ಎಷ್ಟು ವಯಸ್ಸು, ಎಲ್ಲಿ ಹೂಳುತ್ತಾರೆ, ಈಗ ಯಾರು ರಾಜ? ಇವತ್ತು ಒಂದೂ ಇಲ್ಲ. ಚುಕ್ಕಿಗಳನ್ನು ನೋಡಿದಳು, ಚಿನ್ನತಂಬಿಯ ಮುಖ ನೋಡಿದಳು, ನೊರೆ ಉಗಿಯಲು ಹಿತ್ತಲಿಗೆ ಹೋದಳು.

ತೇನ್‌ಮೊಳಿಗೆ ಸಾವಿನ ಸುದ್ದಿಗಿಂತ ಅದೇ ಮನಸ್ಸಿಗೆ ಅಂಟಿಕೊಂಡಿತು.

ಮೂರು ಪೊಂಗಲ್ಲಿನ ಹಿಂದೆ, ಸರಿಯಾಗಿ ಹಬ್ಬದ ದಿನವೇ, ಅವರ ಮನೆಯ ಕೆಂದ ಹಸು ಮೊದಲ ಕರು ಹಾಕಿತ್ತು. ಕರಿಯ ಹೋರಿಗರು, ಹಣೆಯ ಮೇಲೆ ಬಿಳಿ ಬೊಟ್ಟು. ಹಬ್ಬದ ದಿನ ಹುಟ್ಟಿದ ಚೊಚ್ಚಲು ಕರು ದೇವರದು. ಹಾಲು ಬಿಡುವ ತನಕ ಮನೆಯಲ್ಲಿ, ಆಮೇಲೆ ಹಿಂಡಿನಲ್ಲಿ. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಎಳಿಲ್‌ಗೂ ಹೇಳಿದ್ದರು. ಆದರೂ ಅವಳು ಬೊಟ್ಟ ಎಂದು ಹೆಸರಿಟ್ಟಳು. ದೇವರ ಆವಿನ ಹತ್ತಿರ ತಮಿಳು ಆಡಬಾರದು ಎಂದು ಅಪ್ಪತ್ತಾ, ಅಂದರೆ ಅಜ್ಜಿ, ಹೇಳಿದ್ದರಿಂದ ಅಲ್ಲಿಯವರೆಗೆ ತಡವರಿಸುತ್ತಿದ್ದ ಮನೆಮಾತನ್ನು ಆ ಕರುವಿಗಾಗಿ ಸರಾಗ ಮಾಡಿಕೊಂಡಳು. ಕರುವನ್ನು ಹೊಡೆದುಕೊಂಡು ಹೋದ ದಿನ ಊಟ ಮಾಡಲಿಲ್ಲ. ಮಾರನೆಯ ದಿನ ಮಾಡಿದಳು. ಮಕ್ಕಳು ಮರೆಯುತ್ತಾರೆ ಎಂದು ಎಲ್ಲರೂ ಅಂದರು.

ಇನ್ನು ಪುಸ್ತಕದ ವಿಷಯ. ಚಿನ್ನಮನೂರಿನ ಶಾಲೆಯ ಲೈಬ್ರರಿಯಿಂದ ಎಳಿಲ್ ಅದನ್ನು ತಂದಿದ್ದಳು. ತಮಿಳಿನ ಪುಸ್ತಕ, ಹೊದಿಕೆ ಕಿತ್ತುಹೋಗಿತ್ತು, ಮೊದಲ ಹಾಳೆಯೂ ಇಲ್ಲ. ದೇಶ, ಕಾಲ, ಬೆಳಕು, ಅಣುವಿನೊಳಗಿನ ಸಂಗತಿ ಎಲ್ಲ ಅದರಲ್ಲಿತ್ತು. ಮೂರನೇ ಪುಟಕ್ಕೆ ಸಿಕ್ಕಿಬಿದ್ದು ಅಮ್ಮನ ಹತ್ತಿರ ತಂದಳು. ತೇನ್‌ಮೊಳಿ ತೇವಾರದ ಊರಶಾಲೆಯಲ್ಲಿ ಪ್ಲಸ್ ಟೂ ಓದಿದವಳು, ಅದೂ ಕಾಮರ್ಸ್. "ನನಗೂ ಗೊತ್ತಿಲ್ಲ ಪಾಪಾ. ಇಬ್ರೂ ಓದೋಣ," ಎಂದಳು. ಹಾಗೆ ಶುರುವಾಯಿತು. ಅಕ್ಕಿ ನೆನೆಯುವ ಹೊತ್ತಿಗೆ ಒಂದು ಪುಟ, ಕುಕ್ಕರ್ ಕೂಗುವ ನಡುವೆ ಅರ್ಧ ಪುಟ.

ಮೊದಲು ಕಷ್ಟವಾಗಲಿಲ್ಲ. ದೇಶ ಮತ್ತು ಕಾಲ ಎರಡಲ್ಲ, ಒಂದೇ ನೇಯ್ಗೆ ಎಂದು ಪುಸ್ತಕ ಹೇಳಿದ್ದನ್ನು ತೇನ್‌ಮೊಳಿ ಸೊಪ್ಪು ಬಿಡಿಸುತ್ತಾ ತನಗೆ ತಾನೇ ಹೇಳಿಕೊಂಡು ನೋಡಿದಳು. ಯಾರಿಗಾದರೂ 'ಕಂಬಂ ಬಸ್ ಸ್ಟ್ಯಾಂಡಿಗೆ ಬಾ' ಎಂದರೆ ಸಾಲದು, ಎಷ್ಟು ಗಂಟೆಗೆ ಎನ್ನಬೇಕು. ಗಂಟೆ ಹೇಳಿ ಜಾಗ ಹೇಳದಿದ್ದರೂ ಭೇಟಿಯಾಗುವುದಿಲ್ಲ. ಎರಡೂ ಸೇರಿದರೇ ಒಂದು ಘಟನೆ. ಅಷ್ಟು ತಿಳಿಯಿತು.

ಆಮೇಲೆ ಬಸ್ಸಿನೊಳಗೆ ಕೂತು ಸೀಬೆಕಾಯಿ ಮೇಲೆ ಎಸೆಯುವ ಮಾತು. ಅದು ನೆಟ್ಟಗೆ ಮೇಲೆ ಹೋಗಿ ನೆಟ್ಟಗೆ ಕೈಗೆ ಬೀಳುತ್ತದೆ. ರಸ್ತೆಯಲ್ಲಿ ನಿಂತು ನೋಡುವವರಿಗೆ ಅದೇ ಕಾಯಿ ಬಸ್ಸಿನ ಜೊತೆ ಮುಂದೆ ಸಾಗುತ್ತಾ ಬಾಗಿ ಬಂದು ಬೀಳುತ್ತದೆ.

"ಯಾರು ನೋಡಿದ್ದು ಕರೆಕ್ಟು?" ಎಂದು ಕೇಳಿದ್ದಳು ಎಳಿಲ್.

"ಇಬ್ರೂದೂ."

"ಇಬ್ರೂದೂ ಎಂಗಮ್ಮಾ?"

"ಬಸ್ಸಲ್ಲಿರೋಳಿಗೆ ಬಸ್ಸೇ ನಿಂತ ನೆಲ. ರೋಡಲ್ಲಿರೋಳಿಗೆ ರೋಡು."

ಆದರೆ ಬೆಳಕಿನ ವಿಷಯದಲ್ಲಿ ಈ ಆಟ ನಡೆಯುವುದಿಲ್ಲ, ಯಾರು ಎಷ್ಟು ಓಡುತ್ತಾ ಅಳೆದರೂ ಬೆಳಕಿನ ವೇಗ ಅದೇ, ಎಂದಿತು ಪುಸ್ತಕ. ಬೆಳಕು ಯಾರಿಗೂ ಬಗ್ಗುವುದಿಲ್ಲ. ಹಾಗಾಗಿ ಗಡಿಯಾರವೇ ಬಗ್ಗಬೇಕು. ಓಡುವವನ ಗಡಿಯಾರ ನಿಂತವನ ಕಣ್ಣಿಗೆ ನಿಧಾನ. ಬೆಟ್ಟದ ಮೇಲಿನ ಗಡಿಯಾರ ತಗ್ಗಿನ ಗಡಿಯಾರಕ್ಕಿಂತ ಚೂರು ಬೇಗ. ಎಷ್ಟು ಚೂರು ಎಂದರೆ ಒಂದು ಆಯುಷ್ಯವಿಡೀ ಬೆಟ್ಟದ ಮೇಲೇ ಕಳೆದರೂ ಒಂದು ಸಲ ರೆಪ್ಪೆ ಬಡಿಯುವಷ್ಟೂ ವ್ಯತ್ಯಾಸವಾಗುವುದಿಲ್ಲ. ಎಳಿಲ್‌ನ ಅಪ್ಪ ಮಾದವನ್ ದಿನಾ ಜೀಪಿನಲ್ಲಿ ಏಲಕ್ಕಿ ತೋಟದ ಕೆಲಸದವರನ್ನು ಕಣಿವೆಯಿಂದ ಮೇಲಕ್ಕೆ ಕರೆದೊಯ್ದು ಸಂಜೆ ಇಳಿಸುವವನು. ಅವನಿಗೆ ಇದನ್ನು ಹೇಳಿದಾಗ ತಟ್ಟೆಯ ಮುಂದೆ ಕೂತು ಗಂಭೀರವಾಗಿ ತಲೆಯಾಡಿಸಿದ.

"ಅದಕ್ಕೇ ನೋಡು. ನನಗೆ ನಿಮಗಿಂತ ಮುಂಚೆ ಅಸಿವಾಗೋದು ಅದಕ್ಕೇ. ನಾನೇನೋ ಹೊಟ್ಟೆಬಾಕ ಅಂದ್ಕೊಂಡಿದ್ದೆ."

"ಅಮ್ಮ ಮಗಳು ಇಬ್ರೂ ಕೂತು ಕಾಲವನ್ನ ಬಗ್ಗಿಸ್ರಿ," ಎಂದಳು ತಂಗಮ್ಮಾಳ್ ಅಡುಗೆಮನೆಯಿಂದ. "ಇಲ್ಲಿ ಸಾಂಬಾರು ತಳ ಇಡೀತಾ ಐತೆ."

ಅಣುವಿನೊಳಗಿನ ಅಧ್ಯಾಯಕ್ಕೆ ಬಂದಾಗ ಸಂಕಟ ಶುರುವಾಯಿತು. ಎಲೆಕ್ಟ್ರಾನ್ ಎಂಬ ಕಣ ಎಲ್ಲಿದೆ ಎಂದು ಅಳೆದು ನೋಡುವ ತನಕ ಅದು ಇಂಥ ಕಡೆ ಇದೆ ಎಂದು ಹೇಳಲಾಗುವುದಿಲ್ಲವಂತೆ. ಇಲ್ಲಿರುವ ಸಾಧ್ಯತೆ ಇಷ್ಟು, ಅಲ್ಲಿರುವ ಸಾಧ್ಯತೆ ಅಷ್ಟು ಎನ್ನಬಹುದು, ಅಷ್ಟೇ. ತೇನ್‌ಮೊಳಿ ಅಂಗಳ ತೋರಿಸಿ ತಿಳಿಹೇಳಲು ನೋಡಿದ್ದಳು.

"ಚುಕ್ಕಿ ಇಟ್ಟಿರ್ತೀನಲ್ಲ, ಅಂಗೆ. ಗೆರೆ ಎಳೆಯೋ ತನಕ ಅದು ತಾವರೆನೂ ಆಗಬೌದು, ಹಕ್ಕಿನೂ ಆಗಬೌದು."

ಎಳಿಲ್ ಯೋಚಿಸಿದಳು. "ಆದ್ರೆ ನಿನಗೆ ಗೊತ್ತಿರ್ತದಲ್ಲ, ಏನ್ ಹಾಕಬೇಕು ಅಂತ?"

"ನನಗೆ ಗೊತ್ತಿರ್ತದೆ."

"ಅಂಗಾದ್ರೆ ಇದು ಅದಲ್ಲಮ್ಮಾ. ಇಲ್ಲಿ ಯಾರ ಮನಸ್ಸಲ್ಲೂ ಇಲ್ಲ. ಅದಕ್ಕೇ ಗೊತ್ತಿಲ್ಲ."

ತೇನ್‌ಮೊಳಿ ಆ ಪುಟವನ್ನು ಮತ್ತೆ ಓದಿದಳು. ಮಗಳು ಹೇಳಿದ್ದೇ ಸರಿ. ಗುಟ್ಟಾಗಿ ಒಂದು ಉತ್ತರ ಒಳಗೆ ಕೂತಿದೆ, ನಮಗೆ ಕಾಣುತ್ತಿಲ್ಲ, ಎಂದಲ್ಲ. ಅಳೆಯುವ ಮೊದಲು ಅಂಥ ಉತ್ತರವೇ ಇರುವುದಿಲ್ಲ ಎಂದು ಬಹಳ ಮಂದಿ ತಿಳಿದವರು ಹೇಳುತ್ತಾರೆ ಎಂದು ಬರೆದಿತ್ತು. ಅವಳಿಗೆ ಅದು ನುಂಗಲಾಗಲಿಲ್ಲ. ಇರುವುದು ಇರಲೇಬೇಕಲ್ಲ ಎಂದು ಡಬ್ಬಿಗಳನ್ನು ಒರೆಸುತ್ತಾ ಎರಡು ದಿನ ಜಗಳವಾಡಿದಳು. ಯಾರ ಜೊತೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಅಷ್ಟರಲ್ಲೇ ಪಟ್ಟದ ಆವು ಸತ್ತದ್ದು, ಎಳಿಲ್ ಕೇಳುವುದನ್ನು ನಿಲ್ಲಿಸಿದ್ದು.

ಹೊಸ ಪಟ್ಟಕ್ಕೆ ಊರಿನ ಹಿರಿಯರು ಅಮಾವಾಸ್ಯೆ ಕಳೆದ ಮೇಲೊಂದು ದಿನ ಗೊತ್ತು ಮಾಡಿದರು. ಆರಿಸುವ ಬಗೆ ಹಳೆಯದು. ಬಯಲಲ್ಲಿ ಕಂಬಳಿ ಹಾಸಿ, ಅದರ ಮೇಲೆ ಕಬ್ಬಿನ ಕಟ್ಟು ಇಟ್ಟು, ಹಿಂಡನ್ನು ಬಿಡುತ್ತಾರೆ. ಯಾರೂ ಕೂಗಬಾರದು, ಕೈ ತೋರಬಾರದು. ಯಾವ ಎತ್ತು ತಾನಾಗಿ ಹೋಗಿ ಮೊದಲು ಕಬ್ಬಿಗೆ ಬಾಯಿ ಹಾಕುತ್ತದೋ ಅದೇ ರಾಜ. ಸಾವಿನ ದಿನದಿಂದ ಆ ದಿನದ ತನಕ ಹಿಂಡಿಗೆ ಯಾರೂ ಕಬ್ಬಿನ ತುಂಡನ್ನೂ ಕೊಡುವಂತಿಲ್ಲ.

ಆ ವಾರ ಎಳಿಲ್‌ನ ಶಾಲೆಯ ಚೀಲಕ್ಕೆ ಇರುವೆ ಮುತ್ತಿತು.

ತೇನ್‌ಮೊಳಿ ಟಿಫಿನ್ ಡಬ್ಬಿ ತೆಗೆಯಲು ಚೀಲದ ಬಾಯಿ ಬಿಚ್ಚಿದಾಗ ಕೆಂಪಿರುವೆಯ ಸಾಲು ಜಿಪ್ಪಿನ ಮೇಲೇ ಹರಿದಾಡುತ್ತಿತ್ತು. ಡಬ್ಬಿಯಲ್ಲಿ ಚೆಲ್ಲಿದ್ದೇನೂ ಇರಲಿಲ್ಲ. ಪುಸ್ತಕಗಳ ಹಿಂದೆ, ಛತ್ರಿ ಇಡುವ ಜಾಗದಲ್ಲಿ, ಹಳೆಯ ಪ್ಲಾಸ್ಟಿಕ್ ಕವರು. ಅದರೊಳಗೆ ಕಬ್ಬಿನ ಎರಡು ಗಿಣ್ಣು, ಒಂದಿಷ್ಟು ಸಿಪ್ಪೆ. ಚಿನ್ನಮನೂರಿನ ಬಸ್ ನಿಲ್ದಾಣದ ಪಕ್ಕದ ಜ್ಯೂಸ್ ಗಾಡಿಯವನು ತುದಿಯ ತುಂಡುಗಳನ್ನು ಮಕ್ಕಳಿಗೆ ಸುಮ್ಮನೆ ಕೊಡುತ್ತಾನೆ. ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲೇ ಆವುಗಳ ಕೊಟ್ಟಿಗೆ. ಬೇಲಿಯ ಸಂದಿಯಲ್ಲಿ ಕೈ ತೂರುತ್ತದೆ.

ಕವರು ಹಳೆಯದು, ಒಳಗೆ ಒಣಗಿ ಕಂದಾದ ಅಂಟು ಪದರ ಪದರವಾಗಿತ್ತು. ಅಂದರೆ ಇದು ಸಾವಿನ ನಂತರ ಶುರುವಾದದ್ದಲ್ಲ. ಬಹಳ ದಿನದ ರೂಢಿ. ಸಾವಿನ ನಂತರವೂ ನಿಂತಿಲ್ಲ, ಅಷ್ಟೇ.

ಚೀಲವನ್ನು ನುಗ್ಗೆಮರದ ಬುಡದಲ್ಲಿ ಕೊಡವಿದಳು. ಕವರನ್ನು ಇದ್ದಲ್ಲೇ ಇಟ್ಟಳು.

ಹುಡುಗಿಗೆ ಏನು ಬೇಕಿತ್ತು ಎಂಬುದು ತಾಯಿಗೆ ಗೊತ್ತಿರದ ಸಂಗತಿಯಲ್ಲ. ರಾಜನಾದರೆ ಬೊಟ್ಟ ವರ್ಷಕ್ಕೊಮ್ಮೆ ಮನೆಗೆ ಬರುತ್ತದೆ. ಇದೇ ಬಾಗಿಲಿಗೆ, ಇದೇ ಕೋಲದ ಮೇಲೆ. ಆದರೆ ಹಾಗೆ ರಾಜನಾದರೆ? ಊರೆಲ್ಲ ಕೈ ಮುಗಿಯುತ್ತದೆ. ತಂಗಮ್ಮಾಳ್ ಮುಗಿಯುತ್ತಾಳೆ. ಎಳಿಲ್ ಒಬ್ಬಳಿಗೆ ಮಾತ್ರ ಕೈ ಎತ್ತಲಾಗುವುದಿಲ್ಲ. ಆ ಎತ್ತು ಬದುಕಿರುವಷ್ಟು ವರ್ಷವೂ ಆಗುವುದಿಲ್ಲ. ಹನ್ನೊಂದು ವರ್ಷದ ಮಗುವಿಗೆ ಅದು ಹೊರಲಾರದ ಗಂಟು.

ನೇರವಾಗಿ ಕೇಳಬಹುದಿತ್ತು. ಕೇಳಿದರೆ ಏನೋ ಒಂದು ಉತ್ತರ ಬರುತ್ತದೆ. ಹೆದರಿ 'ಇಲ್ಲ' ಎನ್ನಬಹುದು. ಒಮ್ಮೆ 'ಇಲ್ಲ' ಎಂದುಬಿಟ್ಟರೆ ಆಮೇಲೆ ಅದೇ ನಿಲ್ಲುತ್ತದೆ. ಅದರ ಹಿಂದೆ ಇನ್ನೇನಿತ್ತು ಎಂದು ಅವಳಿಗೂ ತಿಳಿಯದ ಹಾಗೆ ಮುಚ್ಚಿಹೋಗುತ್ತದೆ. ತೇನ್‌ಮೊಳಿಗೆ ಆ ಉತ್ತರ ಬೇಡವಾಗಿತ್ತು. ತಾನಾಗಿ ಬಾಯಿ ಬಿಡಲಿ ಎಂದು ಕಾದಳು. ಹಿರಿಯರಿಗೆ ಹೇಳಲಿಲ್ಲ, ಗಂಡನಿಗೆ ಹೇಳಲಿಲ್ಲ. ಅದು ತಪ್ಪೋ ಸರಿಯೋ ಎಂದು ಕೇಳಿಕೊಳ್ಳುವಷ್ಟು ಬಿಡುವು ಆ ದಿನಗಳಲ್ಲಿ ಇರಲಿಲ್ಲ. ಇಡ್ಲಿ ಹಿಟ್ಟು ಉಕ್ಕುತ್ತಿತ್ತು, ನೀರಿನ ಪೈಪು ಒಡೆದಿತ್ತು.

ಒಂದು ಸಂಜೆ ಊಟಕ್ಕೆ ಕೂತಾಗ ಮಾದವನ್ ತಾನಾಗಿ ಆ ಮಾತೆತ್ತಿದ.

"ಅವ್ವಾ, ಕಬ್ಬು ಯಾಕೆ ಕೊಡಬಾರದು ಈಗ? ಪಾಪ, ಅವಕ್ಕೂ ಆಸೆ ಇರೋದಿಲ್ವಾ?"

"ಇರ್ಲಿ ಅಂತಾನೇ ಕೊಡಕೂಡದು," ಎಂದಳು ತಂಗಮ್ಮಾಳ್. "ಎಲ್ಲಕ್ಕೂ ಒಂದೇ ಆಸೆ ಇರ್ಬೇಕು. ಆಗ ಯಾವುದು ಮುಂದೆ ಓಗ್ತದೋ ಅದನ್ನ ಆ ದೇವ್ರೇ ಕಳಿಸ್ದ ಅಂತ."

"ಯಾರಾದ್ರೂ ಗುಟ್ಟಾಗಿ ಕೊಟ್ಟಿದ್ರೆ?" ಎಂದ ಮಾದವನ್.

"ಕೊಟ್ರೆ ಅದು ದೇವ್ರು ಆರ್ಸಿದ್ದಲ್ಲ, ನಾವು ಆರ್ಸಿದ್ದು. ಅದಕ್ಕೆ ಕೈ ಮುಗಿದ್ರೆ ನಮಗೆ ನಾವೇ ಮುಗಿದಂಗೆ." ಅವಳು ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತಿರುಗಿಸಿದಳು. "ನಿನಗೆ ಯಾಕೆ ಇದೆಲ್ಲ? ನೀನು ಮೇಲೆ ಓಗಿ ಬೇಗ ಬೇಗ ಮುದುಕನಾಗು."

ಮಾದವನ್ ನಕ್ಕ. ಎಳಿಲ್ ರಸದನ್ನವನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದಳು.

ಮಾರನೆಯ ದಿನದಿಂದ ಚೀಲದಲ್ಲಿ ಇರುವೆ ಇರಲಿಲ್ಲ. ಕವರೂ ಇರಲಿಲ್ಲ. ಶಾಲೆಯಿಂದ ಬರುವ ದಾರಿಯನ್ನು ಬಿಟ್ಟು, ಕಾಲುವೆಯ ಏರಿಯ ಮೇಲೆ ಸುತ್ತಿ ಬರತೊಡಗಿದಳು. ಚಪ್ಪಲಿಗೆ ಕೆಸರು ಮೆತ್ತಿರುತ್ತಿತ್ತು. ಆದರೆ ಮಾತು ಬರಲಿಲ್ಲ. ನಿಲ್ಲಿಸಿದ್ದು ನಿಲ್ಲಿಸಿದ ಹಾಗಾಯಿತು, ತಿನ್ನಿಸಿದ್ದು ತಿನ್ನಿಸಿದ ಹಾಗೇ ಇತ್ತು.

ತೇನ್‌ಮೊಳಿ ಪುಸ್ತಕ ಬಿಡಲಿಲ್ಲ. ಬೇಳೆ ಬೇಯುವ ಹೊತ್ತಿಗೆ ಜೋರಾಗಿ ಓದುತ್ತಿದ್ದಳು. ಮಗಳು ಬಾಗಿಲಿಗೊರಗಿ ಕೇಳುತ್ತಿದ್ದಳು. ಅಷ್ಟು ಸಣ್ಣ ವಸ್ತುವನ್ನು ನೋಡಬೇಕೆಂದರೆ ಅದಕ್ಕೆ ಬೆಳಕು ತಾಗಬೇಕು, ಬೆಳಕು ತಾಗಿದರೆ ಅದು ಕದಲುತ್ತದೆ, ಹಾಗಾಗಿ ನೋಡುವ ಮುಂಚೆ ಹೇಗಿತ್ತೋ ಹಾಗೇ ನೋಡಲು ಆಗುವುದಿಲ್ಲ ಎಂಬ ಭಾಗ ಬಂತು. ಕೆಳಗೇ ಇನ್ನೊಂದು ಮಾತು: ಕದಲುವುದಷ್ಟೇ ಅಲ್ಲ, ವಿಷಯ ಅದಕ್ಕಿಂತ ಆಳವಾದದ್ದು, ಒಂದು ಬಗೆಯಲ್ಲಿ ಅಳೆದ ಮೇಲೆ, ಇನ್ನೊಂದು ಬಗೆಯಲ್ಲಿ ಅಳೆದಿದ್ದರೆ ಏನು ಬರುತ್ತಿತ್ತು ಎಂಬುದಕ್ಕೆ ಉತ್ತರ ಇದ್ದೇ ಇದೆ ಎಂದು ಎಣಿಸುವಂತಿಲ್ಲ.

"ಇದು ನನಗೆ ತಿಳೀಲಿಲ್ಲ," ಎಂದಳು ತೇನ್‌ಮೊಳಿ. "ನಿನಗೆ ತಿಳೀತಾ?"

ಎಳಿಲ್ ತಲೆಯಾಡಿಸಿದಳು. ಹೌದೆಂದೋ ಇಲ್ಲವೆಂದೋ ಗೊತ್ತಾಗುವ ಹಾಗಿರಲಿಲ್ಲ.

ಪಟ್ಟದ ದಿನ ಬಂತು. ಪೆರಿಯಕುಳಂ ಕಡೆಗೆ ಮದುವೆಯಾಗಿ ಹೋದವರೂ ಬಸ್ಸು ಹಿಡಿದು ಬಂದಿದ್ದರು. ಮಾದವನ್ ಜೀಪಿಗೆ ಬೇರೆ ಡ್ರೈವರನ್ನು ಕಳಿಸಿ ಬಿಳಿ ಪಂಚೆ ಉಟ್ಟ. ಕೊಟ್ಟಿಗೆಯ ಮುಂದಿನ ಬಯಲಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಹುಣಸೆಮರದ ನೆರಳಲ್ಲಿ ಒಂದು ಕಡೆ. ನಡುವೆ ಕರಿಯ ಕಂಬಳಿ, ಅದರ ಮೇಲೆ ಸೋಗೆ ಬಿಡಿಸದ ಕಬ್ಬಿನ ಕಟ್ಟು. ಉರುಮೆ ಬಾರಿಸುತ್ತಿದ್ದವರು ನಿಲ್ಲಿಸಿದರು. ಅತ್ತ ಯಾರದೋ ಮೊಬೈಲ್ ಹೊಡೆದುಕೊಂಡಿತು. ಎಲ್ಲರೂ ತಿರುಗಿ ನೋಡಿದ್ದಕ್ಕೆ ಅವನು ಅದನ್ನು ಕಂಕುಳಿಗೆ ಅವುಚಿಕೊಂಡ.

ತಂಗಮ್ಮಾಳ್ ಮುಂದಿನ ಸಾಲಿನಲ್ಲಿದ್ದಳು. ಅವಳ ಹಿಂದೆ ತೇನ್‌ಮೊಳಿ, ಅವಳ ಪಕ್ಕದಲ್ಲಿ ಎಳಿಲ್. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ಚಿನ್ನತಂಬಿ ಗೇಟು ತೆಗೆದ.

ಮೊದಲು ಮೂರು ನಾಲ್ಕು ಹಸುಗಳು ಬಂದು ಹುಲ್ಲು ಕಂಡ ಕಡೆ ಹೋದವು. ಆಮೇಲೆ ಎತ್ತುಗಳು. ಕರಿಯ ಎತ್ತೊಂದು, ಹಣೆಯ ಮೇಲೆ ಬಿಳಿ ಬೊಟ್ಟು, ಉಳಿದವುಗಳನ್ನು ಬಿಟ್ಟು ನೇರವಾಗಿ ಕಂಬಳಿಯ ಕಡೆಗೆ ನಡೆಯಿತು. ಅದರ ಹಿಂದೆ ಬೇರೆ ಯಾವುದೂ ಇಲ್ಲ. ಹೆಂಗಸರಲ್ಲಿ ಸಣ್ಣ ಗುಸುಗುಸು: ತಂಗಮ್ಮಾಳ್ ಮನೇದು, ತಂಗಮ್ಮಾಳ್ ಮನೆ ಕರು. ತೇನ್‌ಮೊಳಿ ಮಗಳ ಕಡೆ ನೋಡಲಿಲ್ಲ. ಅತ್ತೆಯ ಬೆನ್ನನ್ನು ನೋಡುತ್ತಿದ್ದಳು. ಆ ಬೆನ್ನು ನೆಟ್ಟಗಾಯಿತು.

ಬೊಟ್ಟ ಕಂಬಳಿಯ ಅಂಚಿಗೆ ಬಂದು ನಿಂತಿತು. ಮೂತಿ ಬಾಗಿಸಿ ಕಬ್ಬಿನ ಸೋಗೆಯನ್ನು ಮೂಸಿತು. ಎದುರಿನ ಗಂಡಸರು ಅರ್ಧ ಕೈ ಎತ್ತಿದರು. ಪೂರಾ ಮುಗಿಯಲಿಲ್ಲ, ಇಳಿಸಲೂ ಇಲ್ಲ. ನಾಲಿಗೆ ಹೊರಳಿಸಿ ಮಂಗಳದ ಕೂಗು, ಕುಲವೆ, ಹಾಕಲೆಂದು ಹೆಂಗಸರು ಉಸಿರು ಎಳೆದುಕೊಂಡರು. ಆ ಒಂದು ಗಳಿಗೆ ಅದು ರಾಜನಾಗಿತ್ತೋ ಇಲ್ಲವೋ ಯಾರೂ ಹೇಳುವ ಹಾಗಿರಲಿಲ್ಲ.

ಆಮೇಲೆ ಅದು ತಲೆ ಎತ್ತಿತು. ಕಿವಿ ಮುಂದೆ ಮಾಡಿತು. ಕಂಬಳಿಯನ್ನು ಬಳಸಿ, ಹುಣಸೆಮರದ ಕಡೆ ಹೊರಟಿತು.

ಹೆಂಗಸರು ಚದುರಿ ದಾರಿ ಬಿಟ್ಟರು. ಅದು ತಂಗಮ್ಮಾಳನ್ನು ದಾಟಿತು. ಎಳಿಲ್‌ನ ಮುಂದೆ ನಿಂತು, ಅವಳ ಮೊಣಕೈಯನ್ನು ಮೂತಿಯಿಂದ ತಳ್ಳಿತು. ಬೆನ್ನ ಹಿಂದೆ ಕಟ್ಟಿದ ಕೈ ಮುಂದೆ ಬರಲಿಲ್ಲ. ಇನ್ನೊಮ್ಮೆ ತಳ್ಳಿತು. ಅವಳ ಲಂಗದ ನೆರಿಗೆಯನ್ನು ನಾಲಿಗೆಯಿಂದ ಎಳೆದು ನೋಡಿತು. ಅದಕ್ಕೆ ಕಬ್ಬು ಎಂದರೆ ಬೇಲಿಯ ಸಂದಿಯಿಂದ ಬರುವ ಒಂದು ಕೈ. ಕಂಬಳಿಯ ಮೇಲೆ ಬಿದ್ದಿದ್ದದ್ದು ಬೇರೇನೋ.

ಯಾರೋ ಹುಡುಗ ಆ ಕಡೆಯಿಂದ ಕೂಗಿದ: "ಪಟ್ಟ ಬ್ಯಾಡ, ಎಣ್ಣು ನೋಡೋಕೆ ಬಂದೀನಿ ಅಂತಾವ್ನೆ!"

ಬಯಲಿಗೆ ಬಯಲೇ ನಕ್ಕಿತು. ಆ ನಗುವಿನ ನಡುವೆ ಬೂದು ಬಣ್ಣದ ಎತ್ತೊಂದು, ಯಾರೂ ಹೆಸರಿಡದ್ದು, ಯಾರ ಮನೆಯದೆಂದೂ ಕೂಡಲೇ ನೆನಪಾಗದ್ದು, ನಿಧಾನವಾಗಿ ಬಂದು ಕಂಬಳಿಯ ಮೇಲೆ ಕಾಲಿಟ್ಟು ಕಬ್ಬನ್ನು ಕಚ್ಚಿ ಎಳೆಯಿತು. ಕಟ್ಟು ಬಿಚ್ಚಿಕೊಂಡಿತು. ಕುಲವೆ ಎದ್ದಿತು, ಉರುಮೆ ಎದ್ದಿತು, ಕೈಗಳೆಲ್ಲ ಆ ಕಡೆ ಮುಗಿದವು.

ತಂಗಮ್ಮಾಳೂ ಮುಗಿದಳು. ಅವಳ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಆಮೇಲೆ ತಿರುಗಿ ಮೊಮ್ಮಗಳನ್ನೂ ಅವಳ ಮುಂದಿನ ಕರಿಯ ಎತ್ತನ್ನೂ ಸ್ವಲ್ಪ ಹೊತ್ತು ನೋಡಿದಳು.

"ಕೈ ಮುಗಿ ಪಾಪಾ," ಎಂದಳು. "ರಾಜ ಅಲ್ಲಿರೋದು."

ಎಳಿಲ್ ಬೆನ್ನ ಹಿಂದಿನ ಕೈ ಬಿಚ್ಚಿ, ಬೂದು ಎತ್ತಿನ ಕಡೆ ತಿರುಗಿ ಮುಗಿದಳು. ಕೈ ಮುಂದೆ ಬಂದದ್ದೇ ತಡ, ಬೊಟ್ಟ ಅದನ್ನು ನೆಕ್ಕಿ ನೋಡಿತು. ಏನೂ ಸಿಗದೆ ಸುಮ್ಮನಾಯಿತು.

ಚಿನ್ನತಂಬಿ ಹಗ್ಗವಿಲ್ಲದೆ, ಬರೀ ಕುತ್ತಿಗೆ ತಟ್ಟಿ ಅದನ್ನು ತಿರುಗಿಸಿಕೊಂಡ. "ಏನ್ ಪಾಪಾ, ಇಷ್ಟು ವರ್ಸ ಆದ್ರೂ ನಿನ್ನ ಮರೀಲಿಲ್ಲ ನೋಡು ಇದು," ಎಂದು ನಕ್ಕು, ಹಿಂಡಿನ ಕಡೆ ನಡೆಸಿಕೊಂಡು ಹೋದ. ಮನೆಗೆ ಬರುವ ದಾರಿಯುದ್ದಕ್ಕೂ ಹೆಂಗಸರು ಅದನ್ನೇ ಆಡಿದರು. ಬಾಯಿಲ್ಲದ ಜೀವಕ್ಕೆ ಎಂಥ ನೆನಪು, ಮನುಷ್ಯರಿಗೂ ಇರುವುದಿಲ್ಲ. ಎಳಿಲ್‌ನ ಗಲ್ಲ ಹಿಂಡಿದರು. ಅವಳು ಹಿಂಡಿಸಿಕೊಂಡಳು.

ಸಂಜೆ ತೇನ್‌ಮೊಳಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ನುಗ್ಗೆಸೊಪ್ಪು ಬಿಡಿಸುತ್ತಿದ್ದಳು. ಬೆಟ್ಟದ ತುದಿಯಲ್ಲಿ ಇನ್ನೂ ಬಿಸಿಲಿತ್ತು, ಕೆಳಗೆ ನೆರಳು. ತಂಗಮ್ಮಾಳ್ ಪಕ್ಕದ ಮನೆಯವಳಿಗೆ ಬೂದು ಎತ್ತು ಯಾವ ಮನೆಯ ಸಂತತಿ ಎಂದು ಬಿಡಿಸಿ ಹೇಳುತ್ತಿರುವುದು ಬಾಗಿಲ ಕಡೆಯಿಂದ ಕೇಳುತ್ತಿತ್ತು. ಮಾದವನ್ ಜೀಪಿನ ಲೆಕ್ಕ ವಿಚಾರಿಸಲು ಹೋಗಿದ್ದ.

ಎಳಿಲ್ ಬಂದು ಒಂದು ಮೆಟ್ಟಿಲು ಕೆಳಗೆ ಕೂತಳು. ಕೈಯಲ್ಲಿ ಪುಸ್ತಕವಿತ್ತು. ಅದನ್ನು ತೆರೆದಳು, ಓದದೆ ಮುಚ್ಚಿ ಪಕ್ಕಕ್ಕೆ ಇಟ್ಟಳು. ಮೊರದಿಂದ ಒಂದು ಕಡ್ಡಿ ಎತ್ತಿಕೊಂಡು ತಾನೂ ಎಲೆ ಉದುರಿಸತೊಡಗಿದಳು. ಕಡ್ಡಿಯ ಚೂರುಗಳೂ ಎಲೆಯ ಜೊತೆ ಬೀಳುತ್ತಿದ್ದವು. ತೇನ್‌ಮೊಳಿ ಸುಮ್ಮನೆ ಅವನ್ನು ಆರಿಸಿ ಹಾಕಿದಳು.

ಒಂದು ಕಡ್ಡಿ ಮುಗಿಯಿತು. ಇನ್ನೊಂದು ಎತ್ತಿಕೊಂಡಳು.

"ಅಮ್ಮಾ."

"ಹ್ಞೂಂ."

ಹುಡುಗಿ ಇನ್ನೆರಡು ಎಲೆ ಉದುರಿಸಿದಳು. ತೇನ್‌ಮೊಳಿ ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಾತು ಬೆದರಿ ಒಳಗೆ ಹೋಗಿಬಿಡಬಹುದು ಎಂದು ಅದೇ ಓಟದಲ್ಲಿ ಎಲೆ ಉದುರಿಸುತ್ತಿದ್ದಳು. ಬೆಟ್ಟದ ಮೇಲಿನ ಬಿಸಿಲು ಇನ್ನೂ ಸ್ವಲ್ಪ ಮೇಲೆ ಸರಿಯಿತು.

"ಅವನು ಬಂದಿದ್ದು ನೆನಪಿಗಲ್ಲಮ್ಮಾ," ಎಂದಳು ಎಳಿಲ್. ಆವುಗಳ ಹತ್ತಿರ ಆಡುವ ಮಾತಿನಲ್ಲೇ, ತಮಿಳು ಬೆರೆಸದೆ ಹೇಳಿದಳು. "ಕಬ್ಬಿಗೆ. ದಿನಾ ನಾನು ಕೊಡ್ತಿದ್ದೆ. ಅವನು ರಾಜ ಆಗ್ಲಿ ಅಂತ."

"ಹ್ಞೂಂ," ಎಂದಳು ತೇನ್‌ಮೊಳಿ.

ಎಳಿಲ್ ಕೈಯಲ್ಲಿದ್ದ ಕಡ್ಡಿಯನ್ನು ಮೊರದ ಅಂಚಿನಲ್ಲಿ ನೆಟ್ಟಗೆ ಇಟ್ಟಳು. ಆಮೇಲೆ ಅಮ್ಮನ ಮುಖವನ್ನೇ ನೋಡುತ್ತಾ, ಇಷ್ಟು ದಿನದಲ್ಲಿ ಮೊದಲ ಸಲ, ಗಟ್ಟಿಯಾಗಿ ಕೇಳಿದಳು:

"ನಾನು ಕೊಡದೇ ಇದ್ದಿದ್ರೆ, ಅವನು ಅಲ್ಲೇ ನಿಂತು ಕಬ್ಬು ತಿಂತಿದ್ನಾ ಅಮ್ಮಾ?"